ಹನ್ನೊಂದನೆಯ ಬೆರಳು

ನಾನು ಒಂದು ಪ್ಯಾದೆ. ಚದುರಂಗದಲ್ಲಿ ಬಿಳಿಯ ಪಡೆಯವನು, ರಾಜನ ಮುಂದೆ ನಿಲ್ಲುವವನು. ಮೈಸೂರಿನ ಒಂದು ಅಂಧರ ಶಾಲೆಯ ಮರಗೆಲಸದ ಕೋಣೆಯಲ್ಲಿ, ಮುರಿದ ಕುರ್ಚಿಯ ಕಾಲಿನಿಂದ ನನ್ನನ್ನು ಕಡೆದರು. ಅದೇ ಕಾಲಿನ ದಪ್ಪ ಭಾಗ ರಾಜನಾಯಿತು, ಉಳಿದ ತುದಿ ನಾನಾದೆ. ಆದರೂ ಅವನಿಗೆ ಏನು ಜಂಬ!

ನಮ್ಮ ಹಲಗೆ ಬೇರೆ ತರಹದ್ದು. ಪ್ರತಿ ಮನೆಗೂ ಒಂದು ತೂತು, ನಮ್ಮ ಬುಡಕ್ಕೊಂದು ಕಡ್ಡಿ. ತಡಕಾಡುವ ಕೈಗೆ ನಾವು ಉರುಳಬಾರದೆಂದು ಈ ಏರ್ಪಾಡು. ಎಷ್ಟು ಸವರಿದರೂ ಮುಟ್ಟಿದಂತಲ್ಲ. ತೂತಿನಿಂದ ಎತ್ತಿದರೆ ಮಾತ್ರ ಮುಟ್ಟಿದ ಲೆಕ್ಕ, ಎತ್ತಿದ ಕಾಯಿಯನ್ನು ನಡೆಸಲೇಬೇಕು. ನನಗೂ ಕಣ್ಣಿಲ್ಲ. ಜನರನ್ನು ಬೆರಳಿನಿಂದಲೇ ಗುರುತು ಹಿಡಿಯುತ್ತೇನೆ.

ನಾನು ಮೊದಲು ಅರಿತದ್ದು ಪುಟ್ಟಮಾದಪ್ಪ ಮೇಷ್ಟ್ರ ಬೆರಳನ್ನು. ಅವರೂ ಅಂಧರೇ. ಬೆಳಿಗ್ಗೆ ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿಸುತ್ತಿದ್ದರು, ಮಧ್ಯಾಹ್ನ ಚದುರಂಗ. ಬೆತ್ತ ಸೀಳುವ ಚಾಕು ತಗುಲಿ ಅವರ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು, ಉಗುರು ಸೀಳಿತ್ತು. ಹೊಸ ಮಕ್ಕಳು ಬಂದರೆ ಆನೆ, ಕುದುರೆ, ಮಂತ್ರಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿಬಿಡುತ್ತಿದ್ದರು. ಒಂದು ತಿಂಗಳು ಬರೀ ಪ್ಯಾದೆಗಳ ಆಟ.

"ಮಂತ್ರಿ ಯಾವಾಗ ಕೊಡ್ತೀರಾ ಮೇಷ್ಟ್ರೇ?" ಎಂದು ಮಕ್ಕಳು ಗೊಣಗುತ್ತಿದ್ದರು.

"ಮಂತ್ರಿ ಏನ್ ಮಹಾ? ಎಡವಟ್ಟು ಮಾಡ್ಕೊಂಡ್ರೆ ವಾಪಸ್ ಓಡ್ಬರ್ತಾನೆ. ಪ್ಯಾದೆಗೆ ವಾಪಸ್ ಬರೋ ದಾರೀನೇ ಇಲ್ಲ ಕಣ್ರಯ್ಯಾ. ಮೊದಲನೇ ಹತ್ತು ನಡೇಲಿ ಪ್ಯಾದೆಗಳು ಎಲ್ಲಿ ನಿಲ್ತವೋ ಅದೇ ಊರು. ಮಿಕ್ಕೋರೆಲ್ಲ ಆ ಊರಿನ ಬೀದೀಲಿ ಓಡಾಡ್ಬೇಕು, ಅಷ್ಟೇಯ."

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ ತೂತಿನಲ್ಲಿ ಬಿಗಿಯಾಗಿಬಿಟ್ಟೆ.

ಕೊಳ್ಳೇಗಾಲದ ಕಡೆಯಿಂದ ಒಂಬತ್ತು ವರ್ಷಕ್ಕೇ ಬಂದ ಮಾದೇವಿ ಅವರ ಮೆಚ್ಚಿನ ಶಿಷ್ಯೆ. ಅಭ್ಯಾಸದಲ್ಲಿ ಮೇಷ್ಟ್ರು ಅವಳ ಭುಜದ ಮೇಲಿಂದ ಕೈ ಚಾಚಿ, ಯಾವ ಪ್ಯಾದೆ ಹೊರಡಬೇಕೋ ಅದರ ನೆತ್ತಿಯನ್ನು ಮೆಲ್ಲಗೆ ಒತ್ತುತ್ತಿದ್ದರು. ಹೆಚ್ಚಾಗಿ ನನ್ನನ್ನೇ. ಅವಳು ನನ್ನನ್ನು ಎತ್ತಿ ಎರಡು ಮನೆ ಮುಂದೆ ಊರುತ್ತಿದ್ದಳು. ಇಪ್ಪತ್ತೆರಡು ತುಂಬಿದರೂ ಆ ಒತ್ತು ಬೀಳದೆ ಅವಳ ಆಟ ಶುರುವಾಗುತ್ತಿರಲಿಲ್ಲ. ರಾಜ್ಯ ತಂಡ ಸೇರಬೇಕೆಂಬುದು ಅವಳ ಒಂದೇ ಆಸೆ. ಆದರೆ ಹೊರಗಿನ ಪಂದ್ಯಗಳಲ್ಲಿ ಒತ್ತುವವರು ಯಾರು? ಸೋತು ಬರುತ್ತಿದ್ದಳು.

ಏಪ್ರಿಲ್‌ನಲ್ಲಿ ಮೇಷ್ಟ್ರು ತೀರಿಕೊಂಡರು.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾದೇವಿ ನಮ್ಮನ್ನೆಲ್ಲ ಜೋಡಿಸಿದಳು. ಅವಳ ಎಡಗೈ ಈ ಮೂಲೆಯ ಆನೆಯ ಮೇಲಿತ್ತು, ಬಲಗೈ ಆ ಮೂಲೆಯ ಆನೆಯ ಮೇಲೆ. ಆಗ ನನ್ನ ನೆತ್ತಿಯನ್ನು ಯಾರೋ ಒತ್ತಿದರು. ಚಪ್ಪಟೆ ತುದಿ, ಸೀಳಿದ ಉಗುರು. ನೀರಲ್ಲಿ ನೆನೆಹಾಕಿದ ಬೆತ್ತದಷ್ಟು ತಣ್ಣಗಿತ್ತು. ಎದುರಾಡಲು ಕೂತ ಹುಡುಗಿ ಇನ್ನೂ ಹಲಗೆ ಮುಟ್ಟಿರಲಿಲ್ಲ. ನಾನು ಹಲಗೆಯ ಮೇಲಿನ ಬೆರಳುಗಳನ್ನು ಎಣಿಸಿದೆ. ಮತ್ತೆ ಎಣಿಸಿದೆ. ಹನ್ನೊಂದು.

ಮಾದೇವಿಯ ಕೈ ನನ್ನತ್ತ ಸರಿಯಿತು, ಆ ಬೆರಳಿಗೆ ತಗುಲಿತು, ಅಲ್ಲೇ ನಿಂತಿತು. "ಮೇಷ್ಟ್ರೇ?"

"ಯಾರನ್ನ ಕರೀತಿದ್ದೀಯ ಅಕ್ಕ?" ಎಂದಳು ಆ ಹುಡುಗಿ. "ಇಲ್ಲಿ ನಾವಿಬ್ರೇ ಇರೋದು."

ಮಾದೇವಿ ನನ್ನನ್ನು ಎರಡು ಮನೆ ಮುಂದಿಟ್ಟಳು. ಅರ್ಧ ಗಂಟೆಯಲ್ಲಿ ಗೆದ್ದಳು.

ಅಂದಿನಿಂದ ಅವಳು ಸೋಲಲಿಲ್ಲ. ಪ್ರತಿ ಆಟದಲ್ಲೂ ಬೆರಳು ಬಂದು ಒಬ್ಬೊಬ್ಬ ಪ್ಯಾದೆಯನ್ನೇ ಒತ್ತುತ್ತಿತ್ತು, ಅವಳು ಯೋಚಿಸುವುದನ್ನೇ ಬಿಟ್ಟು ಅದಕ್ಕಾಗಿ ಕಾಯುತ್ತಿದ್ದಳು. ಎಲ್ಲರೂ ಅವಳನ್ನು ಹೊಗಳಿದರು. ನನಗೆ ಮಾತ್ರ ಹೆದರಿಕೆ. ಮೇಷ್ಟ್ರ ಬೆರಳಿಗೆ ನಾನು ಹೆದರಲಿಲ್ಲ. ದಿನದಿನಕ್ಕೆ ಮಾದೇವಿಯ ಬೆರಳುಗಳೂ ತಣ್ಣಗಾಗುತ್ತಿದ್ದವು.

ರಾಜ್ಯ ತಂಡದ ಆಯ್ಕೆ ಹಾಸನದಲ್ಲಿ. ಕೊನೆಯ ಆಟ ಗೆದ್ದರೆ ಅವಳಿಗೆ ಜಾಗ ಖಾತ್ರಿ. ಎದುರಾಳಿ ಕೋಲಾರದ ನರಸಿಂಗರಾಯರು. ಅವರಿಗೆ ಅವರದೇ ಹಲಗೆ, ನಮಗೆ ನಮ್ಮದು. ನಡೆಯನ್ನು ಬಾಯಲ್ಲಿ ಹೇಳಬೇಕು. ಕಿವಿಗೆ ತಪ್ಪಾಗಿ ಕೇಳಬಾರದೆಂದು ಉದ್ದ ಸಾಲುಗಳಿಗೆ ಮನುಷ್ಯರ ಹೆಸರಿಟ್ಟಿದ್ದಾರೆ, ಸಾಲಿನ ಮನೆಗಳಿಗೆ ಅಂಕಿ. ನನ್ನ ಸಾಲು ಈವಾ, ನಾನು ಹೊರಡುವುದು ಈವಾ ಎರಡರಿಂದ. ಪಕ್ಕದ ಸಾಲು ಡೇವಿಡ್.

ಆಟಕ್ಕೆ ಮುಂಚೆ ಮಾದೇವಿ ಬಗ್ಗಿ ಪಿಸುಗುಟ್ಟಿದಳು: "ಮೇಷ್ಟ್ರೇ, ಇವತ್ತೊಂದಿನ ಬರ್ಬೇಡಿ. ಡೇವಿಡ್ ಪ್ಯಾದೆ ನಡೆಸ್ಬೇಕು ಅಂತ ನಾನೇ ಯೋಚ್ನೆ ಮಾಡ್ಕೊಂಡಿದ್ದೀನಿ. ಸೋತ್ರೆ ನಾನು ಸೋಲ್ತೀನಿ. ಗೆದ್ರೂ ನಾನೇ ಗೆಲ್ಬೇಕು."

ಗಡಿಯಾರ ಶುರುವಾಯಿತು. ಬೆರಳು ಬಂತು. ಈ ಸಲ ಒಂದೇ ಬರಲಿಲ್ಲ, ಹೆಬ್ಬೆರಳೂ ಬಂದಿತ್ತು. ಎರಡೂ ನನ್ನ ಕತ್ತನ್ನು ಹಿಡಿದು ಟಕ್ಕೆಂದು ತೂತಿನಿಂದ ಎತ್ತಿದವು.

"ಎತ್ತಿದ್ದೀರಲ್ಲಮ್ಮ, ಅದನ್ನೇ ನಡೆಸ್ಬೇಕು" ಎಂದರು, ಪಕ್ಕದ ಮೇಜಿನ ಕಡೆ ತಿರುಗಿದ್ದ ತೀರ್ಪುಗಾರರು ಆ ಸದ್ದು ಕೇಳಿ.

"ನಾನು ಎತ್ಲಿಲ್ಲ ಸಾರ್. ನನ್ ಕೈ ತೊಡೆ ಮೇಲಿದೆ."

"ಮತ್ತಿನ್ಯಾರಮ್ಮ ಎತ್ತಿದ್ದು?"

ಅವಳು ಕೈ ಚಾಚಿ ನನ್ನನ್ನು ಹಿಡಿದಳು. ಆ ಕಡೆ ತಣ್ಣನೆಯ ಬೆರಳುಗಳು ಎರಡು ಮನೆ ದೂರಕ್ಕೆ ಎಳೆಯುತ್ತಿದ್ದವು, ಈ ಕಡೆ ಅವಳು. ನನ್ನ ಕತ್ತು ಲಟಲಟ ಎಂದಿತು.

"ಎತ್ತಿದ್ದು ನೀವು," ಎಂದಳು ಹಲ್ಲುಕಚ್ಚಿ. "ಇಡೋದು ನಾನು." ಒಂದೇ ಮನೆ ಮುಂದೆ ನನ್ನನ್ನು ಊರಿ, ಸಭಾಂಗಣಕ್ಕೆಲ್ಲ ಕೇಳುವಂತೆ ಕೂಗಿದಳು: "ಈವಾ ಮೂರು!"

"ಒಂದೇ ಮನೇನಾ? ಇಷ್ಟೊಂದು ಭಯಾನಾ?" ಎಂದು ರಾಯರು ನಕ್ಕರು. ತಣ್ಣನೆಯ ಹಿಡಿತ ಸಡಿಲವಾಯಿತು.

ಆಮೇಲೆ ಅವಳ ಡೇವಿಡ್ ಪ್ಯಾದೆ ಹೊರಟಿತು, ಅದರಾಚೆಯದು ಹೊರಟಿತು. ನಾನು ಆ ಒಂದು ಮನೆಯಲ್ಲೇ ನಿಂತು ಡೇವಿಡ್ ಪ್ಯಾದೆಯ ಬೆನ್ನಿಗಿದ್ದೆ. ರಾಯರ ಕುದುರೆಗಳಿಗೆ ಕಾಲೂರಲು ಜಾಗವೇ ಸಿಗಲಿಲ್ಲ. ಮಾದೇವಿಯ ಬೆರಳುಗಳು ಬೆವರಿ ಬಿಸಿಯಾಗಿದ್ದವು, ಹತ್ತೇ ಹತ್ತು. ನಾಲ್ಕು ಗಂಟೆಯ ನಂತರ ರಾಯರು ಕೈ ಚಾಚಿ ಸೋಲೊಪ್ಪಿದರು.

ಚಪ್ಪಾಳೆ ಬಿದ್ದರೂ ಅವಳು ಏಳಲಿಲ್ಲ. ಉಳಿದ ಕಾಯಿಗಳನ್ನೂ ಖಾಲಿ ಮನೆಗಳನ್ನೂ ಒಂದೊಂದಾಗಿ ಸವರಿದಳು. "ಗೆದ್ದೆ ಮೇಷ್ಟ್ರೇ" ಎಂದು ಕಾದಳು. ಯಾರೂ ಒತ್ತಲಿಲ್ಲ. ಹಲಗೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಎಷ್ಟೋ ವರ್ಷಗಳಾದವು. ಪ್ಲಾಸ್ಟಿಕ್ಕಿನ ಹೊಸ ಹಲಗೆಗಳು ಬಂದಿವೆ. ನನ್ನ ಬುಡದ ಕಡ್ಡಿ ಮುರಿದಿದೆ. ಈಗ ಮಾದೇವಿಯೇ ಇಲ್ಲಿ ಚದುರಂಗ ಕಲಿಸುವವಳು, ನನ್ನ ವಾಸ ಅವಳ ಮೇಜಿನ ಡ್ರಾಯರಿನಲ್ಲಿ. ಮಕ್ಕಳು ಹೋದ ಮೇಲೆ ಒಮ್ಮೊಮ್ಮೆ ನನ್ನನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸುತ್ತಾಳೆ. ಬಳಿಕ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂರುತ್ತಾಳೆ. ತಾನೇ ಬೇಡವೆಂದು ಕಳಿಸಿದವರನ್ನು ಕರೆಯಲು ಅವಳಿಗೆ ಬಾಯಿ ಬರುವುದಿಲ್ಲ. ಐದು ನಿಮಿಷ, ಹತ್ತು ನಿಮಿಷ, ನನ್ನ ನೆತ್ತಿ ಬರಿದಾಗಿ ನಿಂತಿರುತ್ತದೆ.