ಕಾರ್ಯಪ್ಪನವರಿಗೆ ಸದಾ ಎಂಗೇಜ್

ಮೂಸಂಬಿ ಸಿಪ್ಪೆಯ ಕಹಿ ವಾಸನೆ, ತಲೆಯ ಮೇಲೆ ಗಡಗಡ ಮೆಟ್ರೊ, ಹೆಗಲ ಮೇಲೊಂದು ಕೈ — ಅಗಲವಾದ, ಭಾರವಾದ ಕೈ, ತಿರುಗಿ ನೋಡುವ ಮೊದಲೇ ಕಾರ್ತಿಕೇಯನಿಗೆ ಅದರ ಗುರುತು ಹತ್ತಿತು, ಇದೇ ಕೈಯಲ್ಲವೆ ಮೂರು ವರ್ಷದ ಹಿಂದೆ ಡೆಂಗ್ಯೂ ವಾರ್ಡಿನಲ್ಲಿ ಅವನನ್ನು ಎಬ್ಬಿಸಿ ಕೂರಿಸಿ, ಗ್ಲೂಕೋಸ್ ಬಾಟಲಿ ಎತ್ತಿ ಹಿಡಿದು, ಕಕ್ಕಸಿನ ಬಾಗಿಲವರೆಗೆ ನಡೆಸಿದ್ದು, ಏನು ಮೋನೆ, ಕರೋಲ್ ಬಾಗಲ್ಲಿ ನೀನು, ಅನ್ನುತ್ತಿದ್ದಾರೆ ಕಾರ್ಯಪ್ಪನವರು, ಮೋನೆ ಅಂದರೆ ಕೊಡವ ಮಾತಿನಲ್ಲಿ ಮಗ, ವಾರ್ಡಿನಲ್ಲೂ ಹಾಗೇ ಕರೆದಿದ್ದರು, ತಮ್ಮ ಹಳೆಯ ಪಲ್ಟನ್ನಿನ ಯಾರನ್ನೋ ನೋಡಲು ಬಂದವರು, ಪಕ್ಕದ ಮಂಚದ ಹುಡುಗ ಜ್ವರದಲ್ಲಿ ಅಮ್ಮಾ ನೀರು ಎಂದು ಕನ್ನಡದಲ್ಲಿ ಬಡಬಡಿಸುವುದು ಕೇಳಿ ಅಲ್ಲೇ ನಿಂತುಬಿಟ್ಟವರು, ಆಮೇಲೆ ಒಂಬತ್ತು ದಿನ, ಜನಕಪುರಿಯಿಂದ ಎರಡು ಬಸ್ಸು ಬದಲಿಸಿ, ಹೆಂಡತಿ ಚೋಂದಮ್ಮ ಆಂಟಿ ಕೊಟ್ಟ ಗಂಜಿಯ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು — ಅಂಕಲ್, ನೀವಾ, ಎಂದ ಕಾರ್ತಿಕೇಯ, ನಗಲು ಹೋದ, ಮುಖ ಒಪ್ಪಲಿಲ್ಲ.

ಭಯ್ಯಾ, ಇನ್ನೊಂದು ಗ್ಲಾಸ್, ಐಸ್ ಬೇಡ, ಇವನಿಗೆ ಡೆಂಗ್ಯೂ ಆಗಿತ್ತು, ಎನ್ನುತ್ತಾರೆ ಅಂಕಲ್, ಜ್ಯೂಸಿನಂಗಡಿಯವನಿಗೇನು ಕಟ್ಟಿಕೊಂಡು ಇದೆಲ್ಲ, ಆದರೆ ಹೇಳಿಯೇ ಹೇಳುತ್ತಾರೆ, ಫೋನಿನಲ್ಲೂ ಹೀಗೇ ಅಲ್ಲವೆ, ಬೆಳಿಗ್ಗೆ ಆರಕ್ಕೊಮ್ಮೆ ಸಂಜೆ ಏಳಕ್ಕೊಮ್ಮೆ, ಊಟ ಆಯ್ತಾ, ಕಾದಾರಿದ ನೀರು ಕುಡೀತಿದ್ದೀಯಾ, ಸೊಳ್ಳೆಪರದೆ ಕಟ್ಟಿದ್ಯಾ, ಮೊದಮೊದಲು ಎದ್ದು ನಿಂತೇ ಮಾತಾಡುತ್ತಿದ್ದ, ಆಮೇಲೆ ಹೂಂ ಅಂಕಲ್ ಹೂಂ ಅಂಕಲ್, ಆಮೇಲೆ ಸೆಮಿನಾರಿನ ಮಧ್ಯೆ, ಮುನಿರ್ಕಾದ ಚಹಾ ಅಂಗಡಿಯಲ್ಲಿ ಜೊತೆಗೆ ಓದುವ ನಿಹಾರಿಕಾ ಎದುರಿಗೆ ಕೂತಿದ್ದಾಗ ಕರೆ ಬಂತು, ಫಿರ್ ಸೇ ತೇರಾ ಫೌಜಿ, ಮತ್ತೆ ನಿನ್ನ ಮಿಲಿಟರಿಯವನು, ಅಂದಳು ಅವಳು, ಅವನು ಎದೆ ಸೆಟೆಸಿ ಗಂಟಲು ದಪ್ಪ ಮಾಡಿ ಸೊಳ್ಳೆಪರದೆ ಕಟ್ಟಿದ್ಯಾ ಮೋನೆ ಎಂದು ಅಭಿನಯಿಸಿ ತೋರಿಸಿದ, ಅವಳು ಚಹಾ ಉಕ್ಕುವ ಹಾಗೆ ನಕ್ಕಳು — ಆ ನಗು ಯಾಕೆ ಅಷ್ಟು ಬೇಕಾಗಿತ್ತು ಅವನಿಗೆ — ಹೊಸ ಫೋನಿನಲ್ಲಿ ಬೇಡದ ಕರೆಗಳ ಪಟ್ಟಿ ಇದೆ, ಅದಕ್ಕೆ ಸೇರಿಸಿದ ನಂಬರಿನಿಂದ ಕರೆ ಬಂದರೆ ಇಲ್ಲಿ ಪರದೆ ಒಮ್ಮೆ ಹತ್ತಿ ಆರುತ್ತದೆ, ಸದ್ದೇ ಇಲ್ಲ, ಅತ್ತ ಕಡೆಯವರಿಗೆ ಎಂಗೇಜ್ ಟೋನು, ಎಂದು ಅವಳೇ ತೋರಿಸಿಕೊಟ್ಟದ್ದು, ಸಾಲ ಬೇಕಾ ಸರ್ ಎಂಬ ಹುಡುಗಿಯರದ್ದು, ಕ್ರೆಡಿಟ್ ಕಾರ್ಡಿನವರದ್ದು, ಹದಿನೈದು ನಂಬರು ತುಂಬಿದವನು ಇರಲಿ, ಪಿಎಚ್‌ಡಿ ಸಿನಾಪ್ಸಿಸ್ ಕೊಡುವ ತನಕ, ಎಂದು ಹದಿನಾರನೆಯದನ್ನೂ ಸೇರಿಸಿದ, ಬರೀ ಅಂಕಿಗಳ ಸಾಲಿನ ಕೆಳಗೆ ಒಂದೇ ಒಂದು ಹೆಸರು, ಕಾರ್ಯಪ್ಪ ಅಂಕಲ್, ಸಿನಾಪ್ಸಿಸ್ ಕೊಟ್ಟು ಆರು ತಿಂಗಳಾಯಿತು.

ಎಷ್ಟು ಸಲ ಮಾಡಿದೆ ಗೊತ್ತಾ, ಯಾವಾಗ ಮಾಡಿದ್ರೂ ಎಂಗೇಜ್, ಎನ್ನುತ್ತಿದ್ದಾರೆ ಅವರು, ದೂರಿನ ಸುಳಿವೂ ಇಲ್ಲ ದನಿಯಲ್ಲಿ, ಆಂಟಿಗೆ ಹೇಳ್ತೀನಿ, ಹುಡುಗ ಅವನ ತಾಯಿ ಹತ್ರ ಮಾತಾಡ್ತಾ ಇರ್ತಾನೆ ಕಣೆ, ಒಳ್ಳೇದೇ ಅಲ್ವಾ, ಬಿಡು ಅಂತ — ತಾಯಿ, ಹೊಸಪೇಟೆಯಲ್ಲಿ, ಅವಳಿಗೆ ಅವನು ಫೋನು ಮಾಡಿ ಹದಿನೈದು ದಿನ, ಮೂಸಂಬಿ ರಸದ ಗ್ಲಾಸನ್ನು ಕೆಳಗಿಟ್ಟ — ನಾಡಿದ್ದು ಹೊರಡ್ತೀವಿ ಮೋನೆ, ಊರಿಗೇ, ವಿರಾಜಪೇಟೆಗೆ, ಖಾಯಂ, ಸಾಮಾನೆಲ್ಲ ಲಾರಿಗೆ ಹಾಕಿ ಆಯ್ತು, ಹೋಗೋ ಮುಂಚೆ ಅವನನ್ನ ಒಂದು ಊಟಕ್ಕೆ ಕರೀರಿ ಅಂತ ಆಂಟಿದು ಒಂದೇ ಸಮನೆ, ಅದಕ್ಕೇ ಮಾಡ್ತಿದ್ದೆ, ಈಗ ಪಾತ್ರೆನೂ ಕಟ್ಟಿಬಿಟ್ಟಿದ್ದೀವಿ, ಎಂದವರೇ ತಮ್ಮ ಸವೆದ ಫೋನು ತೆಗೆದರು, ನನ್ನ ಫೋನಲ್ಲೇ ಏನೋ ದೋಷ ಇರ್ಬೇಕು, ನೀನೇ ನೋಡು, ಬೇಡ ಅಂಕಲ್, ನೆಟ್‌ವರ್ಕು, ಇಲ್ಲಿ ನೆಟ್‌ವರ್ಕು ಸರಿಯಿಲ್ಲ ಅಂಕಲ್, ಅವನು ಹೇಳುತ್ತಲೇ ಇದ್ದಾನೆ, ಅವರ ಹೆಬ್ಬೆರಳು ಹಸಿರು ಗುಂಡಿ ಒತ್ತಿಯಾಯಿತು, ಸಂಜೆ, ಮೆಟ್ರೊ ಸೇತುವೆಯ ಕೆಳಗಿನ ಕತ್ತಲು, ಅವನ ತೆಳು ಬಿಳಿ ಅಂಗಿಯ ಜೇಬು ಒಳಗಿನಿಂದ ನೀಲಿಯಾಗಿ ಹತ್ತಿಕೊಂಡಿತು, ಸದ್ದಿಲ್ಲ, ಆರಿತು, ಅವರ ಕಿವಿಯ ಬಳಿ ಟೂಂ ಟೂಂ ಟೂಂ, ನೋಡಿದ್ಯಾ, ಎಂಗೇಜ್, ಎಂದು ಮತ್ತೆ ಒತ್ತಿದರು, ಮತ್ತೆ ಹತ್ತಿಕೊಂಡಿತು ಜೇಬು, ಆರಿತು, ಈ ಸಲ ಅವರ ಕಣ್ಣು ಅಲ್ಲೇ ಇತ್ತು.

ಮೂವತ್ತು ವರ್ಷ ಸೈನ್ಯದ ಸಿಗ್ನಲ್ಸಿನಲ್ಲಿದ್ದ ಸುಬೇದಾರರು, ತಂತಿ ಎಲ್ಲಿ ತುಂಡಾಗಿದೆಯೆಂದು ಹುಡುಕುವುದೇ ಕೆಲಸವಾಗಿದ್ದವರು, ಅವರು ಬೈಯಲಿ, ಇಲ್ಲೇ, ರಿಕ್ಷಾದವರ ಎದುರೇ ಕೆನ್ನೆಗೊಂದು ಹಾಕಲಿ, ಆದರೆ ಫೋನನ್ನು ಒರೆಸಿದರು, ಜೇಬಿಗಿಟ್ಟರು, ಹಳೇದಾಯ್ತು ನಂದು, ಬಿಡು, ಎಂದರು, ನಿನಗೆ ಕೆಲಸ ಇರುತ್ತೆ ಹೋಗು, ಎಂದರು, ಮೋನೆ ಎನ್ನಲಿಲ್ಲ, ಮೆಟ್ರೊ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತುತ್ತಿದ್ದಾರೆ, ಮಂಡಿ ನೋವು ಯಾವಾಗ ಶುರುವಾಯಿತು ಅವರಿಗೆ, ಕೇಳಿಯೇ ಇಲ್ಲ, ಕಾರ್ತಿಕೇಯ ಹೆಸರನ್ನು ಪಟ್ಟಿಯಿಂದ ಅಳಿಸುತ್ತಾನೆ, ಖಚಿತವೇ ಎಂದು ಕೇಳುತ್ತದೆ ಫೋನು, ಹೌದು, ಹೌದು, ಕರೆ ಮಾಡುತ್ತಾನೆ, ಅರ್ಧ ರಿಂಗಿಗೇ ಎತ್ತಿದರು, ಹೇಳು ಮೋನೆ, ಏನಾಯ್ತು, ಹುಷಾರಿದ್ದೀಯಲ್ಲ, ಮೇಲೆ ರೈಲು ಬರುವ ಸದ್ದು ಎರಡೂ ಕಡೆಯಿಂದ, ಹೇಳು ಮೋನೆ, ಕಾರ್ತಿಕೇಯನ ಕಣ್ಣೆದುರು ಅದೇ ಬಿಳಿ ಅಂಗಿ, ಜೇಬು, ಒಳಗೆ ಹತ್ತಿಕೊಂಡ ನೀಲಿ, ಸದ್ದಿಲ್ಲ, ಅವರ ಕಣ್ಣು ಅದರ ಮೇಲೆ, ನೀಲಿ, ಜೇಬು, ಅವರ ಕಣ್ಣು —