ಲುದ್ಮಿಲಾ ದಿನದ ಸ್ಕಾರ್ಫು

ಒಸ್ತ್ರಾವಾ ನಗರದಲ್ಲಿ ನಮಗೊಂದು ಸರ್ಕಾರಿ ಮನೆ ಸಿಗುವವರೆಗೆ ಎಂದುಕೊಂಡು ಅತ್ತೆಯ ಎರಡು ಕೋಣೆಯ ಫ್ಲ್ಯಾಟಿಗೆ ಬಂದು ಹನ್ನೊಂದು ವರ್ಷವಾಯಿತು. ನಾನು ಬಾಯಿ ತೆರೆದಾಗಲೆಲ್ಲ ಅತ್ತೆಯದು ಒಂದೇ ಮಾತು: "ದ್ರಹೊಮೀರಾ ಅಂದ್ರೆ ಶಾಂತಿ ಪ್ರೀತಿಸೋಳು ಅಂತ. ನಿಮ್ಮಪ್ಪ ಸುಮ್ನೆ ಇಟ್ರಾ ಆ ಹೆಸ್ರು? ಬಾಯ್ಮುಚ್ಕೊಂಡಿರು." ಗಂಡ ಒತಕರ್ ಗಸಗಸೆ ಕೇಕು ತಿನ್ನುತ್ತ ಹೂಂಗುಡುವನು.

ಅತ್ತೆಯ ಹೆಸರು ಲುದ್ಮಿಲಾ, ಎಂದರೆ ಜನರಿಗೆ ಪ್ರಿಯಳು. ಯಾವ ಜನರಿಗೋ! ಸೆಪ್ಟೆಂಬರಿನಲ್ಲಿ ಕ್ಯಾಲೆಂಡರಿನ ಲುದ್ಮಿಲಾ ದಿನ ಬಂತು. ಆ ಹೆಸರಿನವರಿಗೆಲ್ಲ ಅಂದು ಹೂವು, ಉಡುಗೊರೆ. ನಾನು ರೇಷ್ಮೆ ಸ್ಕಾರ್ಫು ಕೊಟ್ಟೆ. ಪೊಟ್ಟಣ ಬಿಚ್ಚಿದ್ದೇ ತಡ, ಒತಕರನ ಕೇಕು ಗಂಟಲಲ್ಲೇ ನಿಂತಿತು. ಆಗ ನನಗೂ ಹೊಳೆಯಿತು. ಶಾಲೆಯಲ್ಲಿ ನಾವೆಲ್ಲ ಕಲಿತ ಕಥೆ: ಸಾವಿರ ವರ್ಷದ ಹಿಂದೆ ರಾಣಿ ದ್ರಹೊಮೀರಾ ತನ್ನ ಅತ್ತೆ ಲುದ್ಮಿಲಾಳನ್ನು ಕೊಲ್ಲಿಸಿದ್ದು ಅವಳದೇ ತಲೆವಸ್ತ್ರದಿಂದ ಕತ್ತು ಬಿಗಿಸಿ.

"ಅಯ್ಯೋ ಅತ್ತೆ, ನಾನು ಬರೀ ಬಣ್ಣ ನೋಡಿ ತಂದೆ!"

ಅತ್ತೆ ಸ್ಕಾರ್ಫನ್ನು ಕತ್ತಿಗೆ ಸುತ್ತಿಕೊಂಡು ಎರಡೂ ತುದಿಗಳನ್ನು ನನ್ನ ಕೈಗಿಟ್ಟಳು. "ಎಳಿ."

ನಾನು ಮಿಸುಕಲಿಲ್ಲ.

"ಆಗಲ್ಲ ಅಲ್ವಾ? ಹಾಗಿದ್ರೆ ಹೋಗಿ ಕಾಫಿ ಮಾಡು."

ಮಾಡಿದೆ. ಅಂದಿನಿಂದ ಅತ್ತೆ ದಿನವೂ ಅದನ್ನೇ ಸುತ್ತಿಕೊಂಡು ನನ್ನೆದುರು ಊಟಕ್ಕೆ ಕೂರುತ್ತಾಳೆ, ಎರಡೂ ತುದಿಗಳನ್ನು ನನ್ನ ಕಡೆಗೆ ಇಳಿಬಿಟ್ಟುಕೊಂಡು.