ಎಡಗೈ ಉಂಗುರದ ಬೆರಳು

ನನ್ನ ಬಾಯಿ ಕೆಟ್ಟದ್ದು, ಒಪ್ಪಿಕೊಳ್ಳುತ್ತೇನೆ. ಈ ಬಡಾವಣೆಯ ಸಕ್ಕರೆ ಕಾಯಿಲೆಯವರು ನನಗಿಟ್ಟ ಹೆಸರು ‘ಖಾರದ ಸಿಸ್ಟರ್’. ಇಲ್ಲಿಗೆ ಡಾಕ್ಟರು ಬರುವುದಿಲ್ಲ. ಬೆರಳು ಚುಚ್ಚುವುದು, ಪಾದ ನೋಡುವುದು, ಬೈಯುವುದು, ಮೂರೂ ನನ್ನದೇ. ಸಕ್ಕರೆ ಏರಿದವರಿಗೆ ಕೆಂಪು ಕಾರ್ಡು. ಅವರಲ್ಲಿಗೆ ವಾರಕ್ಕೊಮ್ಮೆ ಹೋಗುತ್ತೇನೆ. ಹತೋಟಿಗೆ ಬಂದವರಿಗೆ ಹಸಿರು ಕಾರ್ಡು, ಮೂರು ತಿಂಗಳಿಗೊಮ್ಮೆ.

ಇಸ್ತ್ರಿ ಅಜ್ಜಿಯದು ಐದು ತಿಂಗಳಿಂದ ಕೆಂಪು ಕಾರ್ಡು.

ಒಂದೇ ಕೋಣೆ, ಮೇಜು, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಬಟ್ಟೆಗೆ ಚಿಮುಕಿಸುವ ನೀರಿನ ಬಟ್ಟಲು. ಅಜ್ಜಿಗೆ ಹಿಂದಿಲ್ಲ, ಮುಂದಿಲ್ಲ. ಮಂಗಳವಾರ ನಾನು ಹೋಗುವ ಹೊತ್ತಿಗೆ ನನಗೆಂದು ಸ್ಟೂಲು ಒರೆಸಿಟ್ಟು, ಎಡಗೈ ಉಂಗುರದ ಬೆರಳು ನೀಡಿಕೊಂಡು ಕೂತಿರುತ್ತಿದ್ದಳು. ಮೀಟರು ಪ್ರತಿಸಲವೂ ಮುನ್ನೂರರ ಆಚೆ.

“ಏನಜ್ಜಿ, ಕದ್ದುಮುಚ್ಚಿ ಸಿಹಿ ತಿಂತೀಯಾ?”

“ನಿನ್ನಾಣೆ ಇಲ್ಲಮ್ಮ. ಅದಿರ್ಲಿ, ನಿನ್ನ ಕೋಟೇನು ಹಸು ಅಗಿದು ಉಗುಳಿದ ಹಾಗಿದೆ? ಬಿಚ್ಚು ಇಲ್ಲಿ.”

ಗೊಣಗುತ್ತಲೇ ಬಿಚ್ಚಿ ಕೊಡುತ್ತಿದ್ದೆ. ಇಸ್ತ್ರಿ ಮಾಡುತ್ತ ಅವಳು “ಊಟ ಆಯ್ತಾ?” ಅನ್ನುತ್ತಿದ್ದಳು. ವಾರವಿಡೀ ನನ್ನನ್ನು ಹಾಗೆ ಕೇಳುವವರು ಇನ್ನೊಬ್ಬರಿರಲಿಲ್ಲ. ನನ್ನ ಬಾಡಿಗೆ ಕೋಣೆಯ ಬೀಗ ತೆಗೆದರೆ, ಬೆಳಿಗ್ಗೆ ತೊಳೆಯದೆ ಬಿಟ್ಟ ಲೋಟ ಬಿಟ್ಟಲ್ಲೇ ಇರುತ್ತಿತ್ತು.

ಡಾಕ್ಟರಿಗೆ ಫೋನು ಮಾಡಿ ಎರಡು ಸಲ ಮಾತ್ರೆ ಜಾಸ್ತಿ ಮಾಡಿಸಿದೆ. ಅಜ್ಜಿ ಒಂದನ್ನೂ ತಪ್ಪಿಸದೆ ನುಂಗಿದಳು. ತಪ್ಪಿಸಿದರೆ ನಾನು ಬಿಡುತ್ತೇನೆಯೇ?

ಒಂದು ಮಂಗಳವಾರ ಸ್ಟೂಲಿನ ಮೇಲೆ ಬಟ್ಟೆ ಹಾಗೇ ಬಿದ್ದಿತ್ತು. ಅಜ್ಜಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಮೈಯೆಲ್ಲ ಬೆವರು, ಕೈ ಗಡಗಡ, ಮಾತು ತೊದಲು. ಆದರೂ ಉಂಗುರದ ಬೆರಳು ಮುಂದೆ ಬಂತು. ಮೀಟರು ಮುನ್ನೂರ ಹತ್ತು ತೋರಿಸಿತು.

ಈ ಬೆವರು, ಈ ನಡುಕ ಸಕ್ಕರೆ ಕುಸಿದವರದ್ದು. ಮೀಟರು ಒಂದು ಹೇಳುತ್ತಿದೆ, ಮೈ ಇನ್ನೊಂದು. ಅಷ್ಟರಲ್ಲಿ ಅವಳ ಬೆರಳು ನನ್ನ ಬೆರಳಿಗೆ ಅಂಟಿತು. ಅವಳ ಬಲಗೈಯನ್ನು ಸೋಪು ಹಾಕಿ ತೊಳೆದು ಚುಚ್ಚಿದೆ. ನಲವತ್ತೆಂಟು!

ಮೇಜಿನ ಮೇಲೆ ಎರಡು ಬಟ್ಟಲಿದ್ದವು. ಒಂದರ ತಳದಲ್ಲಿ ಸಕ್ಕರೆ ಇನ್ನೂ ಪೂರ್ತಿ ಕರಗಿರಲಿಲ್ಲ. ಅದನ್ನೇ ಕಲಕಿ ಗುಟುಕು ಗುಟುಕಾಗಿ ಕುಡಿಸಿದೆ. ಕಾಲು ಗಂಟೆಯ ಮೇಲೆ ಅವಳ ಕಣ್ಣು ನನ್ನನ್ನು ಗುರುತಿಸಿತು.

“ಎಷ್ಟು ದಿನದಿಂದ ಈ ಆಟ?”

“ಬೆರಳು ಅದ್ದಿದ್ದು ತಾನೇ? ತಿಂದಿಲ್ಲವಲ್ಲ,” ಅಂದಳು. “ಮೊದಲು ನೀನು, ಇಳೀತಾ ಇದೆ, ಇನ್ನು ಮೂರು ತಿಂಗಳಿಗೊಂದ್ಸಲ ಬಂದ್ರೆ ಸಾಕು ಅಂದಿದ್ದೆ. ಆಮೇಲೊಂದಿನ ಸಕ್ಕರೆ ಡಬ್ಬಿ ಮುಟ್ಟಿದ ಕೈ ಕೊಟ್ಟೆ ನೋಡು, ಏರಿಬಿಡ್ತು. ಮುಂದಿನ ವಾರಾನೇ ಬಂದೆಯಲ್ಲ.”

ಬೈಯುವುದು ಯಾರನ್ನು? ಚುಚ್ಚುವ ಮೊದಲು ಕೈ ತೊಳೆಸಬೇಕು ಅನ್ನುವುದು ನಾವು ಕಲಿಯುವ ಮೊದಲ ಪಾಠ. ಬೀದಿಯ ನಲ್ಲಿ ದೂರವೆಂದು ನಾನು ಒಣ ಹತ್ತಿಯಲ್ಲಿ ಒರೆಸಿ ಮುಗಿಸುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ನನ್ನ ಮಾತ್ರೆಯೇ ಅವಳನ್ನು ತಿಂದುಹಾಕುತ್ತಿತ್ತು.

ಡಾಕ್ಟರಿಗೆ ನನ್ನ ತಪ್ಪು ಸಮೇತ ಎಲ್ಲ ಹೇಳಿ ಮಾತ್ರೆ ಕಡಿಮೆ ಮಾಡಿಸಿದೆ. ನಾಲ್ಕು ವಾರ ಕೈ ತೊಳೆಸಿ ನೋಡಿದೆ. ಎಲ್ಲ ಹತೋಟಿಯಲ್ಲಿತ್ತು. ಸುಳ್ಳು ಬರೆಯಲು ನನ್ನ ಕೈಯೇನೋ ತುಡಿಯಿತು, ಆದರೆ ಹಸಿರು ಕಾರ್ಡೇ ಬರೆದೆ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಪಾಸಾದೆ ಅನ್ನು,” ಅಂದಳು. ಇಬ್ಬರೂ ನಗಲಿಲ್ಲ.

ಮುಂದಿನ ಮಂಗಳವಾರ ಬೇರೆ ಬೀದಿಗೆ ಹೋದೆ. ಊಟ ಆಯ್ತಾ ಎಂದು ಯಾರೂ ಕೇಳಲಿಲ್ಲ, ಆಗಿರಲೂ ಇಲ್ಲ.

ಭಾನುವಾರ ರಜೆ. ಒಗೆದು ಮಡಿಸಿಟ್ಟ ಕೋಟನ್ನು ಉಂಡೆ ಮಾಡಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಒಂದು ಗಂಟೆ ಕೂತೆ. ಆಮೇಲೆ ಅಜ್ಜಿಯ ಮನೆಗೆ ಹೋದೆ.

ಅವಳು ಕೋಟು ಬಿಡಿಸಿ, ಬೆಳಕಿಗೆ ಹಿಡಿದು, ನನ್ನ ಮುಖ ನೋಡಿದಳು.

“ಇದು ತೊಟ್ಟು ಮುದುರಿದ್ದಲ್ಲ,” ಅಂದಳು.

“ಅಲ್ಲ,” ಅಂದೆ.

ಅಜ್ಜಿ ಸ್ಟೂಲು ಒರೆಸಿದಳು.